ಬೀಗದ ಕೈ ಯಾರ ಹತ್ತಿರ

ಆ ಬಡಾವಣೆಯಲ್ಲಿ ಯಾವ ಹೆಂಗಸಿಗಾದರೂ ಕೆಡುಕಾಯಿತೆಂದರೆ ಅದು ಮೊದಲು ಗೊತ್ತಾಗುತ್ತಿದ್ದದ್ದು ವೆಲ್ಡಿಂಗ್ ಅತ್ತೆಗೆ. ಪೊಲೀಸರಿಗೆ ಆಮೇಲೆ. ಎಷ್ಟೋ ಸಲ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಬೆಳಗ್ಗೆ ಅಂಗಡಿ ಬಾಗಿಲು ತೆರೆಯುವುದಕ್ಕೇ ಕಾದಿದ್ದವನ ಹಾಗೆ ಯಾರೋ ಒಬ್ಬ ಗಂಡಸು ಬಂದು, ಅವಳ ಮುಖ ನೋಡದೆ, "ಅತ್ತೆ, ಹಿತ್ತಲ ಬಾಗಿಲಿಗೆ ಒಂದು ಗ್ರಿಲ್ ಆಗ್ಬೇಕಿತ್ತು, ಸ್ವಲ್ಪ ಅರ್ಜೆಂಟು" ಅನ್ನುತ್ತಿದ್ದ. ಅಷ್ಟರಲ್ಲೇ ಅವಳಿಗೆ ತಿಳಿದುಹೋಗುತ್ತಿತ್ತು. ಮನೆಗೆ ಕಳ್ಳ ನುಗ್ಗಿದ್ದರೆ ಜನ ಬೀದಿಗೆಲ್ಲ ಸಾರಿಕೊಂಡೇ ಬರುತ್ತಾರೆ. ಹೀಗೆ ದನಿ ತಗ್ಗಿಸಿ ಅರ್ಜೆಂಟು ಅನ್ನುವುದು ಬೇರೆಯದೇ ಕಾರಣಕ್ಕೆ.

ಅಂಗಡಿ ಅವಳ ಅಪ್ಪನದು. ಅಪ್ಪನಿಗೆ ಮಗ ಹುಟ್ಟಿದ್ದು ತಡವಾಗಿ. ಅಷ್ಟರೊಳಗೆ ಮಗಳು ರಾಡು ಹಿಡಿಯುವುದನ್ನು ಕಲಿತಾಗಿತ್ತು. ಹೆಣ್ಣು ಹುಡುಗಿ ಕಿಡಿ ಹಾರಿಸುತ್ತಾಳಂತೆ ಎಂದು ತಮಾಷೆ ನೋಡಲು ಬಂದವರು ಬಂದ ತಪ್ಪಿಗೆ ಒಂದು ಏಣಿಯನ್ನೋ ಸ್ಟೂಲನ್ನೋ ಆರ್ಡರ್ ಕೊಟ್ಟು ಹೋಗುತ್ತಿದ್ದರು. ಹೀಗಾಗಿ ಅಪ್ಪ ಬೇಡ ಅನ್ನಲಿಲ್ಲ. ತಮ್ಮ ದೊಡ್ಡವನಾದಾಗ ಅವನಿಗೆ ಕಬ್ಬಿಣ ಕಂಡರೇ ಆಗದು. ಔಷಧದ ಅಂಗಡಿಯಲ್ಲಿ ಬಿಲ್ಲು ಹಾಕುವ ತಣ್ಣಗಿನ ಕೆಲಸಕ್ಕೆ ಸೇರಿಕೊಂಡ. ಅತ್ತೆಗೆ ಮದುವೆಯೂ ಆಯಿತು. ಗಂಡ ಒಳ್ಳೆಯವನು, ಬಾಯಿಲ್ಲದವನು, ಬೇಗ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ತಮ್ಮನ ಇಬ್ಬರು ಹೆಣ್ಣುಮಕ್ಕಳು, ದೊಡ್ಡೋಳು ಮತ್ತು ಚಿಕ್ಕೋಳು, ಅವಳ ಅಂಗಡಿಯ ಮುಂದೆಯೇ ಆಡಿ ಬೆಳೆದರು. ಅವರು ಕರೆದ 'ಅತ್ತೆ' ಬೀದಿಯ ಬಾಯಿಗೂ ಬಂದು, ಈಗ ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅತ್ತೆ ಅಂತಲೇ ಕರೆಯುತ್ತಾರೆ.

ಸಿಟ್ಟು ಮಾತ್ರ ಅವಳ ಮೂಗಿನ ತುದಿಯಲ್ಲೇ. ಅದಕ್ಕೆ ಅವಳ ಕಸುಬೇ ಕಾರಣ ಅಂತ ನನಗನ್ನಿಸುತ್ತದೆ. ಅವಳು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಹಿಂದಿನ ಬೀದಿಯ ಒಬ್ಬ ನರ್ಸಿನ ಮನೆಗೆ ಎದುರು ಮನೆಯವನು ನುಗ್ಗಿದ್ದ. ಗಲಾಟೆಯಾಯಿತು, ಜನ ಸೇರಿದರು, ಅವನಿಗೆ ನಾಲ್ಕು ಏಟು ಬಿತ್ತು, ಮನೆಗೆ ಹೋದ ಮೇಲೆ ಅವನ ತಾಯಿ ಅವನ ಬೆನ್ನಿಗೆ ಶಾಖ ಕೊಟ್ಟಳು. ಅಲ್ಲಿಗೆ ಅವನ ಶಿಕ್ಷೆ ಮುಗಿಯಿತು. ಮಾರನೇ ದಿನ ಮನೆ ಮಾಲೀಕ ಬಂದು ನರ್ಸಿನ ಮನೆಯ ಕಿಟಕಿ, ಬಾಗಿಲು, ಬಚ್ಚಲಿನ ಗವಾಕ್ಷಿಗೂ ಕಂಬಿ ಹಾಕಿಸಿದ.

"ಅಪ್ಪಾ, ತಪ್ಪು ಮಾಡಿದೋನು ಎದುರು ಮನೇಲಿದಾನೆ. ಕಂಬಿ ಇವಳಿಗ್ಯಾಕೆ?" ಎಂದು ಕೇಳಿದ್ದಳು ಮಗಳು.

"ಆರ್ಡರ್ ಕೊಟ್ಟೋರು ಎಲ್ಲಿ ಅಳತೆ ತಗೋ ಅಂತಾರೋ ಅಲ್ಲಿ ತಗೋಬೇಕು ಕಣೇ. ಸುಮ್ನೆ ಟೇಪಿನ ತುದಿ ಹಿಡ್ಕೋ."

ನರ್ಸು ಕೆಲವೇ ತಿಂಗಳಲ್ಲಿ ಮನೆ ಖಾಲಿ ಮಾಡಿಕೊಂಡು ಹೋದಳು. ಎದುರು ಮನೆಯವನು ಅಲ್ಲೇ ಇದ್ದ, ಅಲ್ಲೇ ಮೊಮ್ಮಕ್ಕಳನ್ನೂ ಕಂಡ. ಅಂದಿನಿಂದ ಅತ್ತೆ ಹಾಕಿದ ಗ್ರಿಲ್ಲುಗಳಿಗೆ ಲೆಕ್ಕವಿಲ್ಲ. ಹಾಸ್ಟೆಲ್ಲಿಗೆ, ಟೈಪಿಂಗ್ ಕ್ಲಾಸಿಗೆ, ಗಾರ್ಮೆಂಟಿನ ಹೆಂಗಸರ ಶೌಚಾಲಯಕ್ಕೆ. ಮಾಡಿದವನ ಮನೆಗೆ ಅಂತ ಒಂದೇ ಒಂದು ಆರ್ಡರ್ ಬರಲಿಲ್ಲ. ಇನ್ನೂ ಕೆಲವರಿಗೆ ಡಿಸೈನ್ ಬೇರೆ ಬೇಕು. "ಬರೀ ಕಂಬಿ ಹಾಕಿದ್ರೆ ಜೈಲಿನ ಥರ ಕಾಣುತ್ತೆ ಅತ್ತೆ, ನಡುವೆ ಒಂದು ನವಿಲು ಬರಲಿ" ಅನ್ನುವರು. ನವಿಲನ್ನೂ ಬೆಸೆದು ಕೊಡುತ್ತಿದ್ದಳು, ಹಲ್ಲು ಕಡಿದುಕೊಂಡು. ಇದರಲ್ಲೇ ತನ್ನ ಹೊಟ್ಟೆ ನಡೆಯುತ್ತಿದೆ ಅನ್ನುವುದು ಅವಳ ಸಿಟ್ಟಿಗೆ ಇನ್ನಷ್ಟು ಎಣ್ಣೆ ಹೊಯ್ಯುತ್ತಿತ್ತು.

ದೊಡ್ಡೋಳಿಗೆ ಈಗ ಇಪ್ಪತ್ತನಾಲ್ಕು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಇಸ್ತ್ರಿ ವಿಭಾಗದ ಕೆಲಸ. ಮಾತು ಕಮ್ಮಿ, ಕೈ ಚುರುಕು. ಬೆಡ್‌ಶೀಟು ಮಡಿಸಿಟ್ಟರೆ ಅಂಚಿಗೆ ಅಂಚು ಕೂತಿರುತ್ತಿತ್ತು. ಆ ಕೆಲಸ ಅವಳಿಗೆ ಇಷ್ಟವಿತ್ತು. ಬಾಯ್ಲರಿನ ಹಬೆಯಲ್ಲಿ ಬೆಂದು ಬಂದರೂ ಮನೆಯಲ್ಲಿ ಅದರ ಬಗ್ಗೆ ಗೊಣಗಿದವಳಲ್ಲ.

ಅವತ್ತು ಮಧ್ಯಾಹ್ನ, ಕೆಲಸದ ಹೊತ್ತಿನಲ್ಲೇ, ಅವಳು ಅಂಗಡಿಗೆ ಬಂದು ಕಬ್ಬಿಣದ ಆಂಗಲ್ ಪಟ್ಟಿಗಳ ಅಟ್ಟಿಯ ಮೇಲೆ ಕೂತಳು. ಅತ್ತೆ ಗ್ರೈಂಡರ್ ನಿಲ್ಲಿಸಿದಳು.

"ಸ್ಟೋರ್ ರೂಮಿಗೆ ಶೀಟು ಇಡಕ್ಕೆ ಹೋಗಿದ್ದೆ. ಸೂಪರ್‌ವೈಸರ್ ಹಿಂದೇನೇ ಬಂದು ಬಾಗಿಲು ಹಾಕ್ಕೊಂಡ. ಬೇಡ ಬೇಡ ಅಂದೆ. ಬಿಡಲಿಲ್ಲ ಅತ್ತೆ."

ಅಷ್ಟೇ ಹೇಳಿದಳು. ಮುಂದೆ ಏನೋ ಹೇಳುವವಳ ಹಾಗೆ ಬಾಯಿ ತೆರೆದಳು ಕೂಡ. ಆದರೆ ಅತ್ತೆಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಎಲ್ಲಿತ್ತು? ರಕ್ತ ನೆತ್ತಿಗೇರಿತ್ತು. ಮಸಿ ಮೆತ್ತಿದ ಕೈಯಲ್ಲೇ ಹುಡುಗಿಯನ್ನು ಒಮ್ಮೆ ಎದೆಗೆ ಒತ್ತಿಕೊಂಡು, ಬೀದಿಗಿಳಿದಳು. ಮೊದಲು ತಮ್ಮನ ಔಷಧದ ಅಂಗಡಿ. ಅಲ್ಲಿಂದ ಲಾಂಡ್ರಿ ಗೇಟು. ಗೇಟಿನ ಮುಂದೆ ನಿಂತು ಅವಳು ಸೂಪರ್‌ವೈಸರನ ಏಳು ತಲೆಮಾರನ್ನು ಜಾಲಾಡಿದ್ದನ್ನು ಕೇಳಲು ಬಸ್ಸುಗಳೂ ನಿಧಾನ ಮಾಡಿದವಂತೆ. ಸಂಜೆ ದೀಪ ಹಚ್ಚುವಷ್ಟರಲ್ಲಿ ವಿಷಯ ಬಡಾವಣೆಯ ಎಲ್ಲರ ಬಾಯಲ್ಲೂ ಇತ್ತು.

"ನನ್ನ ಒಂದ್ಮಾತು ಕೇಳ್ಬೋದಿತ್ತಲ್ಲ ಅತ್ತೆ" ಎಂದಳು ದೊಡ್ಡೋಳು, ಅವತ್ತು ಮನೆಯಲ್ಲಿ.

"ಕೇಳೋದೇನಿದೆ ಇದ್ರಲ್ಲಿ? ಅವನ ಚರ್ಮ ಸುಲೀಬೇಕು."

"ನಾನು ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ. ನಾನೇ ಹೇಳ್ತೀನಿ. ಅಷ್ಟೇ ನಂಗೆ ಬೇಕಿರೋದು."

ಅವಳಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಸೂಪರ್‌ವೈಸರ್ ಎಂದರೆ ಲಾಂಡ್ರಿ ಯಜಮಾನರ ಹೆಂಡತಿಯ ಸ್ವಂತ ತಮ್ಮ. ಯಜಮಾನರಿಂದ ಆಗಲೇ ಹೇಳಿಕೆ ಬಂದಿತ್ತು: ಭಾನುವಾರ ಹಿರಿಯರ ಮುಂದೆ ಕೂತು ಮಾತಾಡೋಣ, ಅಲ್ಲಿಯವರೆಗೆ ದುಡುಕಬೇಡಿ. "ಚಿಕ್ಕೋಳ ಮದುವೆ ಮಾತುಕತೆ ನಡೀತಿದೆ ಅಕ್ಕ. ಭಾನುವಾರದವರೆಗೆ ತಡ್ಕೊಳ್ಳೋಣ. ಅವರು ನ್ಯಾಯವಾಗಿ ಹೋದ್ರೆ ಅಲ್ಲೇ ಮುಗಿಸ್ಬಿಡೋಣ" ಎಂದ. ದಿನ ಕಳೆದಷ್ಟೂ ಕೇಸು ಸಡಿಲವಾಗುತ್ತದೆ ಅಂತ ಅತ್ತೆ ಬಡಕೊಂಡಳು. ಗೋಡೆಗೆ ಹೇಳಿದಂತಾಯಿತು. ದೊಡ್ಡೋಳು ಒಳಗೆ ಹೋಗಿ ಅವತ್ತು ಉಟ್ಟಿದ್ದ ಬಟ್ಟೆಯನ್ನು ಒಗೆಯದೆ ಒಂದು ಚೀಲಕ್ಕೆ ಹಾಕಿ, ಚೀಲವನ್ನು ತನ್ನ ತಲೆದಿಂಬಿನ ಪಕ್ಕ ಇಟ್ಟುಕೊಂಡಳು. ಅಪ್ಪ ಭಾನುವಾರ ಒಪ್ಪಿಗೆಯ ಮಾತು ಕೊಟ್ಟುಬಿಟ್ಟರೆ ತನ್ನ ಮಾತು ಯಾರ ಕಿವಿಗೂ ಬೀಳದೆ ಹೂತುಹೋಗುತ್ತದೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಲಾಂಡ್ರಿಯ ಮಹಡಿ ಕೋಣೆಯಲ್ಲಿ ಕುರ್ಚಿ ಹಾಕಿದ್ದರು. ಕೆಳಗೆ ಯಂತ್ರಗಳು ನಿಂತಿದ್ದವು. ಸೋಪಿನ ಪುಡಿಯ ವಾಸನೆ ಮಾತ್ರ ಮೆಟ್ಟಿಲು ಹತ್ತಿ ಬಂದಿತ್ತು. ನಡುವಿನ ಕುರ್ಚಿಯಲ್ಲಿ ನಿವೃತ್ತ ಹೆಡ್ಮಾಸ್ತರು. ಬಡಾವಣೆಯ ಜಗಳಗಳೆಲ್ಲ ಅವರ ಮುಂದೆಯೇ ಇತ್ಯರ್ಥವಾಗುವುದು ವಾಡಿಕೆ. ಕೆಟ್ಟ ಮನುಷ್ಯರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಅತ್ತೆ ಎದ್ದು ಬೈದಾದರೂ ಬರಬಹುದಿತ್ತು. ಒಂದು ಬದಿಗೆ ಯಜಮಾನರು, ಅವರ ಹಿಂದೆ ಸೂಪರ್‌ವೈಸರ್, ಶರಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ಪರೀಕ್ಷೆಗೆ ಬಂದವನ ಹಾಗೆ. ಇನ್ನೊಂದು ಬದಿಗೆ ಅತ್ತೆಯ ತಮ್ಮ. ಅತ್ತೆ ಮತ್ತು ದೊಡ್ಡೋಳು ಬಾಗಿಲ ಹತ್ತಿರದ ಬೆಂಚಿನ ಮೇಲೆ.

ಹೆಡ್ಮಾಸ್ತರು ಇತಿಹಾಸ ಕಲಿಸುತ್ತಿದ್ದವರು. ಚಟ ಹೋಗಿರಲಿಲ್ಲ.

"ನೋಡಿ, ಇಂಥದ್ದು ಇವತ್ತು ನಿನ್ನೆಯದಲ್ಲ" ಎಂದು ಶುರು ಮಾಡಿದರು. "ಹಿಂದೆ ಇಂಥವನ ತಲೆ ಬೋಳಿಸಿ ಕತ್ತೆ ಮೇಲೆ ಕೂರಿಸಿ ಮೆರವಣಿಗೆ ಮಾಡೋರು. ಕೆಲವು ರಾಜ್ಯಗಳಲ್ಲಿ ಅವನ ಕೈಲಿ ಹುಡುಗಿ ತಂದೆಗೆ ದಂಡ ಕಟ್ಟಿಸೋರು. ಇನ್ನು ಕೆಲವು ಕಡೆ ಅವಳನ್ನ ಅವನಿಗೇ ಕಟ್ಟಿ, ಮುಗೀತು ಅನ್ನೋರು. ಒಂದು ಕಡೆಯಂತೂ, ಊರೊಳಗೆ ನಡೆದಿದ್ದು, ಹುಡುಗಿ ಕಿರುಚಲಿಲ್ಲ ಅಂದ್ರೆ, ಅವಳಿಗೂ ಸಾವಿನ ಶಿಕ್ಷೆ! ಕಿರುಚಿದ್ರೆ ಯಾರಾದ್ರೂ ಬರ್ತಿದ್ರಲ್ಲ ಅಂತ. ಎಂಥ ಅನಾಗರಿಕ ಕಾಲ ನೋಡಿ. ನಾವು ಹಾಗಿಲ್ಲ. ನಾವು ಮನುಷ್ಯತ್ವದಿಂದ ಬಗೆಹರಿಸೋಣ."

ತಲೆಗಳು ಅಲ್ಲಾಡಿದವು. ಅತ್ತೆಯ ಮನಸ್ಸು ಮಾತ್ರ ಒಂದೇ ಕಡೆ ಸಿಕ್ಕಿಹಾಕಿಕೊಂಡಿತ್ತು. ದಂಡ ಅಪ್ಪನಿಗೆ, ಮೆರವಣಿಗೆ ಊರಿನವರಿಗೆ, ಮದುವೆ ಮನೆತನದ ಮಾನಕ್ಕೆ. ಆ ಎಲ್ಲ ರಾಜ್ಯಗಳಲ್ಲಿ ಆ ಹುಡುಗಿಯರಿಗೆ ಏನು ಸಿಕ್ಕಿತು ಅಂತ ಇವರ ಯಾವ ಪಾಠದಲ್ಲೂ ಬರೆದಿಲ್ಲವೆ? ಬಾಯಿ ತೆರೆದರೆ ಅವಳ ತಮ್ಮ ಕಣ್ಣಲ್ಲೇ ಬೇಡಿಕೊಂಡ.

"ಅದಿರಲಿ, ಕಿರುಚಿದ್ಲಾ?" ಎಂದರು ಹೆಡ್ಮಾಸ್ತರು, ತುಂಬ ಮೃದುವಾಗಿ, ಅತ್ತೆಯ ತಮ್ಮನ ಕಡೆ ತಿರುಗಿ.

ತಮ್ಮನಿಗೆ ಗೊತ್ತಿಲ್ಲ. ಅವನು ಅಕ್ಕನ ಕಡೆ ನೋಡಿದ. "ಬಾಯಿ ಮುಚ್ಚಿ ಹಿಡ್ದಿದ್ದ, ಎಲ್ಲಿ ಕಿರುಚ್ತಾಳೆ?" ಎಂದಳು ಅತ್ತೆ ಥಟ್ಟನೆ. ಸೂಪರ್‌ವೈಸರ್ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದ. ದೊಡ್ಡೋಳು ಅತ್ತೆಯ ಕಡೆ ತಿರುಗಿ ನೋಡಿದಳು.

ಆಮೇಲೆ ತೀರ್ಮಾನ. ಸೂಪರ್‌ವೈಸರ್ ತಪ್ಪೊಪ್ಪಿಕೊಳ್ಳಬೇಕು. ಅವನು ಎದ್ದು ಬಂದ. ದೊಡ್ಡೋಳು ಕೂತಿದ್ದ ಬೆಂಚನ್ನು ದಾಟಿ ಹೋಗಿ ಅವಳಪ್ಪನ ಕಾಲಿಗೆ ಬಿದ್ದ. "ತಪ್ಪಾಯ್ತು ಅಣ್ಣ, ಬುದ್ಧಿ ಕೆಟ್ಟಿತ್ತು." ಆಮೇಲೆ ಯಜಮಾನರ ಕಾಲಿಗೆ, ಅವರ ಹೆಸರು ಕೆಡಿಸಿದ್ದಕ್ಕೆ. ಕೊನೆಗೆ ಹೆಡ್ಮಾಸ್ತರ ಕಾಲಿಗೂ ಬಿದ್ದ, ಯಾಕೆ ಅಂತ ದೇವರಿಗೇ ಗೊತ್ತು. ಅತ್ತೆಯ ತಮ್ಮ, ಆ ಪಾಪದ ಪ್ರಾಣಿ, ಅವನ ಭುಜ ಹಿಡಿದು ಎತ್ತಿಯೂ ಎತ್ತಿದ.

"ಅವಳು ಇಲ್ಲೇ ಕೂತಿದಾಳಲ್ಲ! ನಿಮಗೆಲ್ಲ ಕಣ್ಣಿಗೆ ಕಾಣ್ತಿಲ್ವಾ?" ಅತ್ತೆ ತಡೆಯದೆ ಕೂಗಿದಳು.

"ಅವಳಿಗೆ ಮುಜುಗರ ಆಗುತ್ತಮ್ಮ" ಎಂದರು ಹೆಡ್ಮಾಸ್ತರು. "ಹೆಣ್ಣುಮಗು. ಅವಳನ್ನ ಇದ್ರಲ್ಲಿ ಎಳೀಬಾರದು."

ಯಜಮಾನರು ಗಂಟಲು ಸರಿಮಾಡಿಕೊಂಡರು. ಅವರಿಗೆ ತಮ್ಮ ಪಾಲಿನ ಪ್ರಾಯಶ್ಚಿತ್ತವನ್ನು ಹೇಳುವ ಆತುರ. "ಇನ್ಮೇಲೆ ಹೀಗಾಗಬಾರದು. ಅದಕ್ಕೇ ಇಸ್ತ್ರಿ ವಿಭಾಗಕ್ಕೆ, ಸ್ಟೋರ್ ರೂಮು ಸೇರಿಸಿ, ಗಟ್ಟಿಯಾಗಿ ಒಂದು ಗ್ರಿಲ್ ಗೇಟು ಹಾಕಿಸ್ತೀನಿ. ಹೆಂಗಸರು ಒಳಗೆ ಹೋದ ಮೇಲೆ ಬೀಗ. ಯಾರೂ ನುಗ್ಗೋ ಹಾಗಿಲ್ಲ. ಕೆಲಸ ಬೇರೆಯವರಿಗ್ಯಾಕೆ, ಅತ್ತೆಗೇ ಕೊಡ್ತೀನಿ."

"ಭೇಷ್" ಎಂದರು ಹೆಡ್ಮಾಸ್ತರು.

ಅತ್ತೆಗೆ ಕಸುಬಿನ ಪ್ರಶ್ನೆ ತಾನಾಗಿ ಬಾಯಿಗೆ ಬಂತು. ಗೇಟು ಅಂದ ಮೇಲೆ ಕೇಳಲೇಬೇಕಾದ ಪ್ರಶ್ನೆ. "ಬೀಗ ಯಾವ ಕಡೆ ಬರ್ಬೇಕು? ಬೀಗದ ಕೈ ಯಾರ ಹತ್ರ ಇರುತ್ತೆ?"

"ಬೀಗ ಹೊರಗಡೆ. ಕೈ ಇವನ ಹತ್ರಾನೇ. ಮೊದಲಿಂದ್ಲೂ ಕೀಗಳೆಲ್ಲ ಸೂಪರ್‌ವೈಸರ್ ಹತ್ರಾನೇ ಇರೋದಲ್ವಾ" ಎಂದರು ಯಜಮಾನರು, ಸೂಪರ್‌ವೈಸರನ ಕಡೆ ಕೈ ತೋರಿಸಿ. ಅವನೂ ವಿಧೇಯವಾಗಿ ತಲೆಯಾಡಿಸಿದ. ಸೊಂಟದ ಗೊಂಚಲು ಗಿಲಕ್ಕೆಂದಿತು.

ಯಾರಿಗೂ ಏನೂ ಅನ್ನಿಸಲಿಲ್ಲ. ಹೆಡ್ಮಾಸ್ತರಿಗೂ ಇಲ್ಲ, ಅಪ್ಪನಿಗೂ ಇಲ್ಲ. ಗೇಟಿನ ಎತ್ತರ ಎಷ್ಟಿರಬೇಕು ಅಂತ ಯಾರೋ ಆಗಲೇ ಮಾತು ತೆಗೆದಿದ್ದರು. ಆಗ ದೊಡ್ಡೋಳು ನಕ್ಕಳು.

ಮೊದಲು ಮೂಗಿನಲ್ಲಿ ಒಂದು ಪುಸ್ಸೆಂಬ ಸದ್ದು. ಆಮೇಲೆ ತಡೆಯಲು ಹೋಗಿ ತಡೆಯಲಾಗದೆ, ಹೊಟ್ಟೆ ಹಿಡಿದುಕೊಂಡು, ಬೆಂಚಿನ ಮೇಲೆ ಬಾಗಿ ನಕ್ಕಳು. ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ. ಆ ಖಾಲಿ ಲಾಂಡ್ರಿಯ ತುಂಬ ಅದೇ ಸದ್ದು. ಕೋಣೆಯಲ್ಲಿದ್ದವರು ಗರಬಡಿದವರಂತೆ ಕೂತರು.

ಮೊದಲು ಚೇತರಿಸಿಕೊಂಡದ್ದು ಸೂಪರ್‌ವೈಸರ್. ಅವನ ಮುಖಕ್ಕೆ ಬಣ್ಣ ವಾಪಸು ಬಂತು. "ನೋಡಿ ಭಾವ, ನೋಡಿ" ಎಂದ ಮೆಲ್ಲಗೆ.

ಯಜಮಾನರು ನೋಡಿದರು. "ಇಂಥದ್ದು ಆದೋಳು ಹೀಗೆ ನಗ್ತಾಳಾ?"

ಹೆಡ್ಮಾಸ್ತರು ಕನ್ನಡಕ ತೆಗೆದು ಒರೆಸಿದರು. ಬಹಳ ನೊಂದ ದನಿಯಲ್ಲಿ, "ಮಾನ ಹೋದ ಹೆಣ್ಣು ಅಳೋದನ್ನ ನಾನು ನೋಡಿದೀನಿ. ನಗೋದನ್ನ ನೋಡಿಲ್ಲ. ಇದನ್ನ ಇನ್ನೊಂದ್ಸಲ ಯೋಚಿಸ್ಬೇಕಾಗುತ್ತೆ" ಎಂದರು. ಕಾಲಿಗೆ ಬಿದ್ದು ತಪ್ಪೊಪ್ಪಿಕೊಂಡವನು ಎದುರಿಗೇ ನಿಂತಿದ್ದಾನೆ, ಆದರೆ ಅವನ ತಪ್ಪೊಪ್ಪಿಗೆಗಿಂತ ಇವಳ ನಗು ದೊಡ್ಡ ಸಾಕ್ಷಿಯಾಯಿತು! ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅತ್ತೆ ಎದ್ದು ನಿಂತು ಬೀಗದ ಕೈಯ ವಿಷಯವನ್ನು ಬಿಡಿಸಿ ಬಿಡಿಸಿ ಹೇಳಿದಳು. ಕಳ್ಳನ ಕೈಗೇ ತಿಜೋರಿ ಕೊಡ್ತೀರಲ್ಲ, ಹುಡುಗಿ ನಗದೆ ಇನ್ನೇನು ಮಾಡ್ಬೇಕು ಅಂದಳು. ಯಜಮಾನರು, "ಅದೇನು ದೊಡ್ಡ ವಿಷಯ, ಕೈ ಬೇರೆಯವರಿಗೆ ಕೊಡ್ಬೋದು. ಆದ್ರೆ ನಗು ನಗುವೇ ಅಲ್ವಾ?" ಎಂದರು. ಅಲ್ಲಿಗೆ ಅವಳ ವಾದ ನೆಲ ಕಚ್ಚಿತು.

ಮೆಟ್ಟಿಲಿಳಿಯುವಾಗ ಅಪ್ಪ ಮಗಳಿಗೆ ಒಂದೇ ಮಾತು ಅಂದ: "ಸ್ವಲ್ಪ ಅತ್ತುಬಿಟ್ಟಿದ್ರೆ ಮುಗೀತಿತ್ತಲ್ಲೇ."

ದೊಡ್ಡೋಳು ಸೀದಾ ಮನೆಗೆ ಹೋಗಿ ದಿಂಬಿನ ಪಕ್ಕದ ಚೀಲ ಎತ್ತಿಕೊಂಡು ಹೊರಗೆ ಬಂದಳು. "ಬರ್ತೀಯಾ ಅತ್ತೆ?" ಎಂದಳು. ಬರದಿದ್ದರೂ ಹೋಗುವವಳೇ, ಅದು ಅವಳ ನಡಿಗೆಯಲ್ಲೇ ಕಾಣುತ್ತಿತ್ತು. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದಳು.

ಸ್ಟೇಷನ್ನಿನ ಮೊದಲ ಮೇಜಿನವನು ಚೀಲವನ್ನೂ ಹುಡುಗಿಯನ್ನೂ ನೋಡಿ, "ತಂದೆ ಬಂದಿಲ್ವಾ?" ಎಂದ.

"ತಂದೆಗೇನೂ ಆಗಿಲ್ಲ. ಆಗಿರೋದು ಇವಳಿಗೆ" ಎಂದಳು ಅತ್ತೆ.

"ಓ, ಲಾಂಡ್ರೀದಾ? ನಕ್ಕಳಂತಲ್ಲ, ಅದೇ ಹುಡುಗೀನಾ?"

ಸುದ್ದಿ ಇವರಿಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕೂತಿತ್ತು. ಅತ್ತೆ ಅವನಿಗೆ ಸರಿಯಾಗಿ ನಾಲ್ಕು ಮಾತು ಅನ್ನುವುದರೊಳಗೆ ಒಳಗಿನ ಕೋಣೆಯಿಂದ ಮಹಿಳಾ ಅಧಿಕಾರಿ ಕರೆದರು. ಸುಸ್ತಾದ ಮುಖದ ಹೆಂಗಸು. ಎದುರಿಗೆ ಎರಡು ಕುರ್ಚಿ. ಅತ್ತೆ ಕೂತವಳೇ ಶುರು ಮಾಡಿದಳು. ಸ್ಟೋರ್ ರೂಮು, ಬಾಗಿಲು, ಹಿಂದಿನಿಂದ ಬಂದದ್ದು. ಈ ನಾಲ್ಕು ದಿನದಲ್ಲಿ ಎಷ್ಟೋ ಸಲ ಹೇಳಿ ಹೇಳಿ ಅವಳಿಗೆ ಅದು ಬಾಯಿಪಾಠವಾಗಿತ್ತು. ಅಧಿಕಾರಿ ತಡೆಯದೆ ಕೇಳಿದರು.

"ಕೂಗಿಕೊಂಡ್ರಾ?" ಎಂದರು ಕೊನೆಗೆ.

"ಎಲ್ಲಿ ಕೂಗೋದು ಮೇಡಂ? ಬಾಯಿ ಮುಚ್ಚಿ ಹಿಡ್ದಿದ್ದ."

"ಇಲ್ಲ" ಎಂದಳು ದೊಡ್ಡೋಳು.

ಅಧಿಕಾರಿ ತಲೆ ಎತ್ತಿದರು.

"ಬಾಯಿ ಮುಚ್ಚಿರಲಿಲ್ಲ ಮೇಡಂ. ನಾನೇ ಕಿರುಚಲಿಲ್ಲ. ಬೇಡ ಅಂದೆ, ಆಮೇಲೆ ದನೀನೇ ಬರಲಿಲ್ಲ. ಕೈಕಾಲೂ ಆಡಲಿಲ್ಲ. ಬಾಯಿ ಮುಚ್ಚಿದ್ದ ಅನ್ನೋದು ಅತ್ತೆ ಹೇಳಿದ್ದು."

ಅತ್ತೆಗೆ ಕಪಾಳಕ್ಕೆ ಹೊಡೆದಂತಾಯಿತು. ಸುಳ್ಳು ಹೇಳಿದೆ ಅಂತ ಅವಳಿಗೆ ಈ ನಿಮಿಷದವರೆಗೆ ಅನ್ನಿಸಿರಲೇ ಇಲ್ಲ. ಕಿರುಚಲಿಲ್ಲ ಅಂದರೆ ಹುಡುಗಿಯನ್ನು ಯಾರು ನಂಬುತ್ತಾರೆ ಅಂತ ಅವಳ ಬಾಯಿ ತಾನಾಗಿ ಒಂದು ಕೈಯನ್ನು ತಂದು ಆ ತುಟಿಗಳ ಮೇಲೆ ಇಟ್ಟಿತ್ತು. ಹೆಡ್ಮಾಸ್ತರ ಆ ಹಳೇ ಊರಿನ ನ್ಯಾಯ ತನ್ನೊಳಗೂ ಕೂತಿತ್ತಲ್ಲ! ಏನೋ ಹೇಳಲು ಹೋದಳು: "ಅಲ್ಲ ಮೇಡಂ, ಅವಳಿಗೆ ಗಾಬರೀಲಿ..."

ದೊಡ್ಡೋಳು ಅವಳ ಮೊಣಕೈ ಮೇಲೆ ಕೈ ಇಟ್ಟಳು. ಸಿಟ್ಟಿರಲಿಲ್ಲ ಅದರಲ್ಲಿ.

"ಅತ್ತೆ, ನೀನು ಸ್ವಲ್ಪ ಹೊರಗಿರು."

ಅತ್ತೆ ಎದ್ದು ಹೊರಗೆ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಳು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಯಜಮಾನರ ಮೇಲೆ, ಹೆಡ್ಮಾಸ್ತರ ಮೇಲೆ, ತಮ್ಮನ ಮೇಲೆ ಆಗಲೇ ಮಾಡಿ ಮುಗಿದಿತ್ತು. ಒಳಗಿನಿಂದ ದೊಡ್ಡೋಳ ದನಿ ಕೇಳಿಸತೊಡಗಿತು. ಮೊದಲು ತಡೆತಡೆದು, ಆಮೇಲೆ ಒಂದೇ ಸಮನೆ. ನಡುವೆ ಅಧಿಕಾರಿಯ ಒಂದು ಪ್ರಶ್ನೆ, ಮತ್ತೆ ಅವಳದೇ ದನಿ. ಈ ಹುಡುಗಿ ಇಷ್ಟು ಹೊತ್ತು ಒಟ್ಟಿಗೆ ಮಾತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಅತ್ತೆ ಕೇಳಿರಲಿಲ್ಲ. ಅಂಗಡಿಗೆ ಬಂದು ಕೂತ ಆ ಮಧ್ಯಾಹ್ನ ಅವಳು ಹೇಳಿದ್ದು ನಾಲ್ಕೇ ಮಾತು. ಮಿಕ್ಕಿದ್ದನ್ನು ಅತ್ತೆ ತಾನೇ ಬೆಸೆದುಕೊಂಡು ಬೀದಿಗೆಲ್ಲ ಹಂಚಿದ್ದಳು. ಆ ಕೋಣೆಯಲ್ಲಿ ನಿಜವಾಗಿ ಏನಾಯಿತು ಅಂತ ಅವಳಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕಿವಿ ಕೊಟ್ಟರೆ ಒಂದೊಂದು ಮಾತೂ ಕೇಳಿಸುವಂತಿತ್ತು. ಅತ್ತೆ ಎದ್ದು, ಮಾತು ಕೇಳಿಸದಷ್ಟು ದೂರ, ಸ್ಟೇಷನ್ನಿನ ಗೇಟಿನ ಹೊರಗೆ ಹೋಗಿ ನಿಂತುಕೊಂಡಳು.